ಮಾಸ್ತರರು ಇನ್ನೂ ಅಗಿಯುತ್ತಿದ್ದಾರೆ

ಇಂಡಿ ಊರಿನ ಸಂಕರ್ಷಣ ಮಾಸ್ತರರು ಊಟಕ್ಕೆ ಕೂತದ್ದನ್ನು ನೋಡಿದವರಿದ್ದಾರೆ, ಎದ್ದು ಕೈ ತೊಳೆದದ್ದನ್ನು ನೋಡಿದವರೂ ಇದ್ದಾರೆ. ನಡುವೆ ಏನು ನಡೆಯಿತೆಂದು ಆಣೆ ಮಾಡಿ ಹೇಳಬಲ್ಲವರು ಮಾತ್ರ ಒಬ್ಬರೂ ಇಲ್ಲ. ಮೂವತ್ನಾಲ್ಕು ವರ್ಷ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಎಂದು ಶಾಲೆಯಿಂದ ಶಾಲೆಗೆ ವರ್ಗವಾಗುತ್ತ ಗಣಿತ ಕಲಿಸಿದ ಮನುಷ್ಯ. ಮನೆ ಇಂಡಿಯಲ್ಲಿ, ನೌಕರಿ ಇನ್ನೆಲ್ಲೋ. ನಡುವೆ ಒಂದು ಬಸ್ಸು, ಅದು ಯಾರಪ್ಪನಿಗೂ ಕಾಯುವ ಬಸ್ಸಲ್ಲ. ಹೀಗಾಗಿ ನಾಲ್ಕೂವರೆ ನಿಮಿಷದಲ್ಲಿ ಊಟ ಮುಗಿಸುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ನಿವೃತ್ತಿಯಾಗಿ ಆರು ವರ್ಷವಾಯಿತು. ಬಸ್ಸು ಬಿಟ್ಟಿತು, ವಿದ್ಯೆ ಬಿಡಲಿಲ್ಲ.

ಒಬ್ಬರೇ ಉಣ್ಣುವವರಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಅವರದು ಆಚಾರವಂತ ವೈಷ್ಣವ ಮನೆತನ. ಅಲ್ಲಿ ಪಂಕ್ತಿಗೊಂದು ಕಟ್ಟಳೆ: ಸಾಲಿನ ಹಿರಿಯರು ಏಳುವ ಮುಂಚೆ ಯಾರೂ ಏಳುವಂತಿಲ್ಲ, ಹಿರಿಯರು ಎದ್ದ ಮೇಲೆ ಯಾರೂ ಉಣ್ಣುವಂತಿಲ್ಲ. ಮಾಸ್ತರರಿಗೆ ಅರವತ್ತಾರು. ಎಲ್ಲಿ ಕೂತರೂ ಹಿರಿಯರು ಇವರೇ.

ಎರಡು ವರ್ಷದ ಹಿಂದೆ ಮಗಳು ವೃಂದಾಳನ್ನು ನೋಡಲು ನಿಡಗುಂದಿಯಿಂದ ಗಂಡಿನ ಕಡೆಯ ಒಂಬತ್ತು ಜನ ಬಂದಿದ್ದರು. ಅವರ ಎಲೆಗೆ ಹೋಳಿಗೆ ಬಿದ್ದು, ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಮಾಸ್ತರರು ಮಜ್ಜಿಗೆ ಕರೆದು, ಕುಡಿದು, ಎದ್ದು ನಿಂತರು. ಒಂಬತ್ತೂ ಜನ ಹೋಳಿಗೆಯನ್ನು ಕಣ್ಣಲ್ಲೇ ಉಂಡು, ಕೈ ತೊಳೆದು, ಬಸ್ಸು ಹಿಡಿದರು. ಉಣ್ಣಲಿಕ್ಕೇ ಬಿಡದವರ ಮನೆಯ ಹೆಣ್ಣು ನಮಗೆ ಬೇಡ ಎಂದು ಹೇಳಿ ಕಳಿಸಿದರು. ಮರುವರ್ಷ ಮುದ್ದೇಬಿಹಾಳದವರು ಬಂದಾಗ ಇನ್ನೊಂದು ಫಜೀತಿ. ನುಂಗಿ ನುಂಗಿ ಕೆಟ್ಟಿದ್ದ ಹೊಟ್ಟೆ, ಹುಡುಗನ ತಂದೆ ಗೋತ್ರ ಕೇಳುವ ಹೊತ್ತಿಗೆ ಸರಿಯಾಗಿ ತೇಗಲು ಶುರುಮಾಡಿತು. ಗೋತ್ರ ಹೇಳಲು ಬಾಯಿ ತೆರೆದರೆ ತೇಗು, ಊರು ಹೇಳಲು ತೆರೆದರೆ ತೇಗು. ಅದೂ ಮುರಿಯಿತು.

ವೃಂದಾ ಸಿಂದಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವವಳು, ಮೂವತ್ತರ ಹತ್ತಿರ ಬಂದವಳು. ಮೂರನೆಯ ಸಂಬಂಧ ಚಡಚಣದಿಂದ ಬಂದಾಗ ಅವಳು ಜಾತಕ ಕೇಳಲಿಲ್ಲ, ಫೋಟೋ ಕೇಳಲಿಲ್ಲ. ತಂದೆಯ ರಟ್ಟೆ ಹಿಡಿದು ಸಿಂದಗಿಯ ಬಸ್ಸು ಹತ್ತಿಸಿದಳು. ಇದೊಂದು ಕೆಡಬಾರದು ಎಂದಳು. ಇದಕ್ಕೇ ಯಾಕೆ ಇಷ್ಟು ಪಟ್ಟು ಎಂದು ಮಾಸ್ತರರು ಕೇಳಲಿಲ್ಲ. ಮಗಳನ್ನು ಕೂರಿಸಿಕೊಂಡು ಏನನ್ನಾದರೂ ಕೇಳುವ ರೂಢಿಯೇ ಅವರಿಗಿರಲಿಲ್ಲ.

ಸಿಂದಗಿಯಲ್ಲಿ ನಿಷತ ಎಂಬ ಪ್ರಕೃತಿ ಚಿಕಿತ್ಸೆಯ ಡಾಕ್ಟರ್ ಇದ್ದಾರೆ. ಗುಳಿಗೆ ಕೊಡುವುದು ಕಡಿಮೆ, ಬೈಯುವುದು ಜಾಸ್ತಿ. ಹೊರಗಿನ ಬೆಂಚಿನ ಮೇಲೆ ಕನ್ನೊಳ್ಳಿಯ ರೈತ ಧರೆಪ್ಪ ಒಂದು ಡಬ್ಬಿಯಲ್ಲಿ ತನ್ನ ಹೊಲದ ಎರೆಮಣ್ಣು ತಂದು ಕೂತಿದ್ದ. ಇಲ್ಲಿ ಹೊಟ್ಟೆಗೆ ಮಣ್ಣಿನ ಪಟ್ಟಿ ಹಾಕುತ್ತಾರಂತೆ; ಮಂದಿಯ ಹೊಲದ ಮಣ್ಣು ತನ್ನ ಹೊಟ್ಟೆಗೆ ಒಗ್ಗುವುದಿಲ್ಲವಂತೆ. ಇಂಥ ಜಾಗಕ್ಕೆ ಬಂದೆನಲ್ಲ ಎಂದು ಮಾಸ್ತರರು ಹಣೆ ಹಣೆ ಬಡಿದುಕೊಳ್ಳುತ್ತ ಒಳಗೆ ಹೋದರು.

ನೋಡಿದರೆ ಡಾಕ್ಟರು ಇವರದೇ ಹಳೆಯ ವಿದ್ಯಾರ್ಥಿನಿ. ಎದ್ದು ನಮಸ್ಕಾರ ಮಾಡಿದರು, ಕೂರಿಸಿದರು, ಆಮೇಲೆ ಹಳೆಯ ಸೇಡು ತೀರಿಸಿಕೊಂಡರು. ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ್ದಕ್ಕೆ ಮಾಸ್ತರರು ಎದೆ ಸೆಟೆಸಿ ನಾಲ್ಕೂವರೆ ನಿಮಿಷ ಎಂದಿದ್ದೇ ತಪ್ಪಾಯಿತು.

"ಸರ್, ಹೊಟ್ಟ್ಯಾಗ ಹಲ್ಲ ಇರಂಗಿಲ್ರಿ," ಎಂದರು ಡಾಕ್ಟರ್. "ಉತ್ತರ ಬರೋಬ್ಬರಿ ಇದ್ರೂ ಸ್ಟೆಪ್ ಬಿಟ್ಟೀನಂತ ನನಗ ಸೊನ್ನಿ ಹಾಕಿದ್ರಿ, ನೆನಪೈತೇನ್ರಿ? ಈಗ ನೀವು ಎಲ್ಲಾ ಸ್ಟೆಪ್ ಬಿಟ್ಟು ಸೀದಾ ಉತ್ತರಕ್ಕ ಹೋಗಾಕತ್ತೀರಿ."

ಅರವತ್ತಾರು ವರ್ಷದಲ್ಲಿ ಯಾರೂ ಮಾಸ್ತರರಿಗೆ ಹೀಗೆ ತಿಳಿಯುವಂತೆ ಹೇಳಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಎಲ್ಲ ಬರೆದುಕೊಂಡರು. ಖಾಲಿ ಹೊಟ್ಟೆಗೆ ಚಹಾ ಬೇಡ. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕು. ಉಣ್ಣುವಾಗ ಮಾತು ಬೇಡ, ಟಿ.ವಿ. ಬೇಡ, ಫೋನಂತೂ ಹತ್ತಿರವೇ ಸುಳಿಯಬಾರದು. ಒಂದೊಂದು ತುತ್ತನ್ನು ಸುಮಾರು ಮೂವತ್ತೆರಡು ಸಲ ಅಗಿಯಬೇಕು. ಸುಮಾರು ಎಂಬುದನ್ನು ಮಾತ್ರ ಮಾಸ್ತರರು ಬರೆದುಕೊಳ್ಳಲಿಲ್ಲ. ಗಣಿತದಲ್ಲಿ ಅದಕ್ಕೆ ಮಾರ್ಕ್ಸಿಲ್ಲ.

ಸುಳ್ಳು ಹೇಳಬಾರದು, ಎಂಟೇ ದಿನಕ್ಕೆ ತೇಗು ನಿಂತಿತು. ಅದೇ ಅನರ್ಥವಾಯಿತು. ಗುಣ ಕಂಡ ಮಾಸ್ತರರಿಗೆ ಭಕ್ತಿ ಹುಟ್ಟಿತು. ಅನ್ನ ಅಗಿದರು, ಪಾಯಸ ಅಗಿದರು, ಕಡೆಗೆ ಮಜ್ಜಿಗೆಯನ್ನೂ ಅಗಿದರು. ಮಜ್ಜಿಗೆ ಅಗಿಯುವ ಗಂಡನನ್ನು ನೋಡಿ ಹೆಂಡತಿ ರುಕ್ಮಿಣೀಬಾಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಟ್ಟಿಗಾದರೆ ನಡೆಯುತ್ತಿತ್ತು. ಪಂಕ್ತಿಯ ಕಟ್ಟಳೆಯೊಂದಿದೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಚಡಚಣದವರು ಬಂದದ್ದು ಒಂದು ಗುರುವಾರ. ಹುಡುಗ ಅನಂತ, ಬಾಯಿ ಬಿಡದ ಸೌಮ್ಯ. ಅವನ ತಂದೆ ಶ್ರೀವಲ್ಲಭರಾಯರು ದ್ರಾಕ್ಷಿ ತೋಟದ ಧಣಿ. ಮಾತಿನಲ್ಲಿ ಅರ್ಧ ಮರಾಠಿ, ಮೂಗಿನ ಮೇಲೆ ಪೂರಾ ಸಿಟ್ಟು. ಅವರು ಬಂದವರೇ ಲೆಕ್ಕ ಹೇಳಿದರು. ಒಂದೂವರೆಗೆ ರಾಹುಕಾಲ ಹತ್ತುತ್ತದೆ, ಅಷ್ಟರೊಳಗೆ ಊಟ ಮುಗಿದು ತೆಂಗಿನಕಾಯಿ ಕೈ ಬದಲಾಗಬೇಕು. ನಾಲ್ಕು ದಿನಕ್ಕೆ ಆಷಾಢ, ನಡುವೆ ಬೇರೆ ಒಳ್ಳೆ ದಿನವಿಲ್ಲ. ಇವತ್ತು ಆಗದಿದ್ದರೆ ಆಮೇಲೆ ನೋಡೋಣ ಎಂದರು. ನಮ್ಮ ಕಡೆ ಆಮೇಲೆ ನೋಡೋಣ ಅಂದರೆ ಮುಗಿಯಿತು ಅಂತಲೇ. ಮೇಲಾಗಿ ಸೊಲ್ಲಾಪುರದ ಅತ್ತೆಯೊಬ್ಬರು ಅನಂತನಿಗೆಂದು ಇನ್ನೊಂದು ಹುಡುಗಿಯನ್ನು ನೋಡಿಟ್ಟು ತುದಿಗಾಲಲ್ಲಿ ನಿಂತಿದ್ದರು.

ಹನ್ನೆರಡು ಹತ್ತಕ್ಕೆ ಪಂಕ್ತಿ ಕೂತಿತು. ಮಾಸ್ತರರು ಎಲೆಗೆ ಕೈ ಮುಗಿದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡರು. ಅವತ್ತು ನಾನು ಅವಸರ ಮಾಡಿ ಮಗಳ ಸಂಬಂಧ ಕೆಡಿಸಿದೆ. ಇವತ್ತು ಆಕಾಶ ಹರಿದು ಬಿದ್ದರೂ ಅವಸರ ಮಾಡುವುದಿಲ್ಲ. ಮಗಳಿಗಾಗಿ ಇಷ್ಟೂ ಮಾಡದಿದ್ದರೆ ನಾನೆಂಥ ಅಪ್ಪ? ಹೀಗೆಂದು ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ಒಂದು ಎಂದು ಎಣಿಸಿದರು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಇಷ್ಟು ಸಾವಕಾಶ ಉಣ್ಣುವ ಮನೆ ಈಗ ಎಲ್ಲಿದೆ ಎಂದು ಶ್ರೀವಲ್ಲಭರಾಯರು ಹೊಗಳಿದರು. ಹೊಗಳಿ ಸುಮ್ಮನಿರಬಾರದೇ? ಉಪಚಾರಕ್ಕೆಂದು ಮಾಸ್ತರರ ಎಲೆಗೆ ಇನ್ನೆರಡು ಹೋಳಿಗೆ ಹಾಕಿಸಿ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು. ಹನ್ನೆರಡು ಮುಕ್ಕಾಲಿಗೆ ಉಳಿದವರೆಲ್ಲ ಮಜ್ಜಿಗೆ ಅನ್ನ ಮುಗಿಸಿ ಕೂತಿದ್ದರು. ಮಾಸ್ತರರು ಇನ್ನೂ ಸಾರಿನಲ್ಲಿದ್ದರು.

ಒಂದು ಗಂಟೆಯಾಯಿತು. ಉಂಡವರ ಕೈ ಒಣಗಿ, ಬೆರಳಿಗೆ ಬೆರಳು ಅಂಟಿ, ಬಿಡಿಸಿಕೊಂಡರೆ ಟಪ್ಪನೆ ಸದ್ದಾಗತೊಡಗಿತು. ಗಂಡಿನ ಕಡೆಯ ಒಬ್ಬರು ಗೋಡೆಗೊರಗಿ ಗೊರಕೆ ಹೊಡೆದರು. ಶ್ರೀವಲ್ಲಭರಾಯರು ಗಡಿಯಾರವನ್ನು ನೋಡುವುದು, ಮಾಸ್ತರರ ದವಡೆಯನ್ನು ನೋಡುವುದು, ಮತ್ತೆ ಗಡಿಯಾರ. ಗಡಿಯಾರದ ಕೆಳಗೆ ಮಾಸ್ತರರ ಅಜ್ಜನ ಫೋಟೋ ಇತ್ತು. ನಮ್ಮ ಅಜ್ಜನ ಮೇಲೆ ಬೀಗರಿಗೆ ಎಷ್ಟು ಗೌರವ ಎಂದು ಮಾಸ್ತರರಿಗೆ ಸಂತೋಷವಾಗಿ ಲೆಕ್ಕ ತಪ್ಪಿತು. ಲೆಕ್ಕ ತಪ್ಪಿದ್ದಕ್ಕೆ ಆ ತುತ್ತನ್ನು ಮತ್ತೆ ಒಂದರಿಂದ ಅಗಿದರು.

ಒಂದೂ ಹತ್ತಕ್ಕೆ, ಬಡಿಸುತ್ತಿದ್ದ ವೃಂದಾ ಲೆಕ್ಕ ಹಾಕಿದಳು. ಎಲೆಯಲ್ಲಿ ಒಂದೂವರೆ ಹೋಳಿಗೆ, ಆಮೇಲೆ ಮಜ್ಜಿಗೆ ಅನ್ನ. ಏನಿಲ್ಲವೆಂದರೂ ಮೂವತ್ತು ತುತ್ತು. ತುತ್ತಿಗೆ ಮುಕ್ಕಾಲು ನಿಮಿಷ. ಒಂದೂವರೆಯೊಳಗೆ ಏಳುವ ಮಾತೇ ಇಲ್ಲ. ಎಲೆಯಲ್ಲಿ ಬಿಟ್ಟು ಏಳುವವರೂ ಅಲ್ಲ, ಉಣ್ಣುವಾಗ ಮಾತಾಡುವವರೂ ಅಲ್ಲ. ರುಕ್ಮಿಣೀಬಾಯಿ ಕೆಮ್ಮಿದರು, ಬಳೆ ಸದ್ದು ಮಾಡಿದರು, ಸೌಟು ಬೀಳಿಸಿದರು. ಮಾಸ್ತರರು ಎಡಗೈ ಎತ್ತಿ ಎಲ್ಲರಿಗೂ ಅಭಯ ತೋರಿಸಿ ಅಗಿದರು.

ಒಂದೂ ಹದಿನೈದಕ್ಕೆ ವೃಂದಾ ಅಡುಗೆಮನೆಯಿಂದ ಡಾಕ್ಟರಿಗೇ ಫೋನು ಹಚ್ಚಿದಳು. ಡಾಕ್ಟರು ಅತ್ತ ಕಡೆ ನಕ್ಕು ನಕ್ಕು ಸುಸ್ತಾಗಿ, ಹೋಳಿಗೆ ಮೆತ್ತಗಿರುತ್ತದೆ, ಹತ್ತು ಸಲ ಸಾಕು, ನಾನೇ ಹೇಳುತ್ತೇನೆ ಕೊಡಿ ಎಂದರು. ವೃಂದಾ ಸ್ಪೀಕರ್ ಹಾಕಿ ತಂದೆಯ ಮುಂದೆ ಹಿಡಿದಳು. ಊಟದ ಹತ್ತಿರ ಫೋನು ಕಂಡದ್ದೇ ಮಾಸ್ತರರು ಕಿವಿ ಮುಚ್ಚಿಕೊಂಡು ಮುಖ ತಿರುಗಿಸಿದರು. ಡಾಕ್ಟರ ಮಾತನ್ನು ಅವರು ಡಾಕ್ಟರಿಗಾಗಿಯೂ ಮೀರುವವರಲ್ಲ.

ಒಂದೂ ಇಪ್ಪತ್ತಕ್ಕೆ ಶ್ರೀವಲ್ಲಭರಾಯರು ಪಕ್ಕದವರಿಗೆ ಕೇಳುವಂತೆ, ಸೊಲ್ಲಾಪುರದ ಹುಡುಗಿ ಹೆಸರೇನೋ ಅಂದಿದ್ದರಲ್ಲ ಎಂದರು.

ವೃಂದಾ ತುಪ್ಪದ ಗಿಂಡಿಯನ್ನು ನೆಲಕ್ಕಿಟ್ಟಳು. ಸಾಲಿನ ನಡುವೆ ಬಂದು ತಂದೆಯ ಎಲೆಯ ಮುಂದೆ ಕೂತಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ಅಪ್ಪಾ, ನಾಲ್ಕು ವರ್ಷ ಆತು, ನಾನೂ ಅನಂತನೂ ಒಂದೇ ಬಸ್ಸಿನ್ಯಾಗ ಸಿಂದಗಿಗೆ ಹೋಗಿ ಬರ್ತೀವಿ. ನನಗ ಇವರೇ ಬೇಕು. ಏಳ್ರಿ."

ಪಂಕ್ತಿಯಲ್ಲಿ ಗೊರಕೆಯೂ ನಿಂತಿತು. ಹತ್ತೊಂಬತ್ತನೆಯ ಅಗಿತದಲ್ಲಿದ್ದ ಮಾಸ್ತರರು ಹೋಳಿಗೆಯನ್ನು ಹಾಗೇ ಗುಳಕ್ಕನೆ ನುಂಗಿದರು. ಆಮೇಲೆ, ಡಾಕ್ಟರನ್ನು ಕಂಡು ಬಂದ ಇಪ್ಪತ್ತೆಂಟು ದಿನದಲ್ಲಿ ಮೊದಲ ಸಲ, ಎಲೆಯ ಮುಂದೆ ಮಾತಾಡಿದರು.

"ನಾಲ್ಕು ವರ್ಷ? ಮತ್ತ ನನಗ್ಯಾಕ ಹೇಳಲಿಲ್ಲವ್ವಾ?"

"ನೀವು ಕೂತದ್ದು ಇವತ್ತೇ ಅಲ್ಲೇನ್ರಿ, ಅಪ್ಪಾ."

ಮಗಳು ಯಾವ ಬಸ್ಸಿಗೆ ಹೋಗುತ್ತಾಳೆಂಬುದೂ ಮಾಸ್ತರರಿಗೆ ಗೊತ್ತಿರಲಿಲ್ಲ. ಅವಳ ಅರ್ಧ ಪ್ರಾಯ ಅವರ ನಾಲ್ಕೂವರೆ ನಿಮಿಷಗಳಲ್ಲಿ ಕಳೆದುಹೋಗಿತ್ತು. ಅಷ್ಟರಲ್ಲಿ ಅನಂತ ತಲೆ ಎತ್ತದೆಯೇ, ನನಗೂ ಇವರೇ ಬೇಕು ಎಂದ. ಶ್ರೀವಲ್ಲಭರಾಯರು ಮಗನನ್ನು ನೋಡಿದರು, ಗಡಿಯಾರ ನೋಡಿದರು, ಅಂಟಿದ ಕೈ ನೋಡಿಕೊಂಡರು. ಹಿಂಗಿದ್ದ ಮೇಲೆ ನನ್ನನ್ನು ಒಂದು ತಾಸು ಯಾಕೆ ಸೆರೆಯಲ್ಲಿಟ್ಟಿರಿ ಎಂದು ಗದರಿ, ಮಾತು ಕೊಟ್ಟೆ ಏಳಿ ಎಂದರು. ಮಾಸ್ತರರು ಹುಟ್ಟಿದಂದಿನಿಂದ ಮೊದಲ ಬಾರಿಗೆ ಎಲೆಯಲ್ಲಿ ಹೋಳಿಗೆ ಬಿಟ್ಟು ಎದ್ದರು. ಒಂದೂ ಇಪ್ಪತ್ತೆಂಟಕ್ಕೆ ತೆಂಗಿನಕಾಯಿ ಕೈ ಬದಲಾಯಿತು.

ಆಮೇಲೆ ಹೆಣ್ಣುಮಕ್ಕಳ ಪಂಕ್ತಿ. ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕಟ್ಟೆಗೆ ಹೋದರು, ಮಾಸ್ತರರು ಹೋಗಲಿಲ್ಲ. ನೂರು ಹೆಜ್ಜೆ ಹಾಕಲೂ ಹೋಗಲಿಲ್ಲ. ಧೋತರ ಎತ್ತಿಕೊಂಡು ಬಂದು ವೃಂದಾಳ ಎಲೆಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ನಾ ಕೂತೀನವ್ವಾ. ಹೇಳು," ಎಂದರು.

ವೃಂದಾಳ ಬಾಯಲ್ಲಿ ತುತ್ತಿತ್ತು. ತಡೀರಿ ಎಂದು ಎಡಗೈ ತೋರಿಸಿದಳು.

ಮಾಸ್ತರರು ತಡೆದರು.