ಬೀಸುವ ಹಾಡಿಗೆ ಮೈಕು ಹಿಡಿದ ಮಲ್ಲಿಕಾಂಬ

ಅಜ್ಜಂಪುರದ ಹಿಟ್ಟಿನ ಮಿಲ್ಲಿನ ಷಣ್ಮುಖಪ್ಪನ ಹೆಂಡತಿ ಮಲ್ಲಿಕಾಂಬ ಓದಿದ್ದು ನಾಲ್ಕನೇ ಕ್ಲಾಸು. ಅದೂ ಪೂರ್ತಿ ಇಲ್ಲ. ಪರೀಕ್ಷೆಯ ಹೊತ್ತಿಗೆ ಮನೆಯಲ್ಲಿ ತಮ್ಮ ಹುಟ್ಟಿದ, ಇವಳು ತೊಟ್ಟಿಲು ತೂಗಲು ಉಳಿದುಬಿಟ್ಟಳು. ಹಾಗಿದ್ದರೂ ಎಂಬತ್ತೈದು ಎಂಬತ್ತಾರರ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯ ಅಜ್ಜಿಯ ಹಾಡನ್ನಾದರೂ ಹಿಡಿದಿಡಬೇಕೆಂದರೆ ಅವಳಿಗೇ ಹೇಳಿ ಕಳಿಸುತ್ತಿದ್ದರು. ಒಂದು ಕೈಯಲ್ಲಿ ಟೇಪ್ ರೆಕಾರ್ಡರು, ಇನ್ನೊಂದು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಸ್ಸಿಳಿಯುತ್ತಿದ್ದಳು. ಹೊಸಲು ದಾಟಿದವಳೇ ಕೂರದೆ, "ಗೋಡೆ ಗಡಿಯಾರ ನಿಲ್ಸಿ. ಕೋಳೀನ ಆಚೆಗೆ ಅಟ್ಟಿ. ಒಲೆ ಮೇಲೆ ಏನಾದ್ರೂ ಕುದೀತಿದ್ರೆ ಇಳಿಸಿ" ಅನ್ನುತ್ತಿದ್ದಳು. ಬಂದವಳು ಹಾಡು ಕೇಳಲು ಬಂದಳೋ ಮನೆ ಜಫ್ತಿಗೆ ಬಂದಳೋ ಎಂದು ಗಂಡಸರು ನಗುತ್ತಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ಆಸೆಪಟ್ಟು ಅಲ್ಲ. ಗಂಡನ ಕಿವಿಯ ದೆಸೆಯಿಂದ.

ಷಣ್ಮುಖಪ್ಪ ಹದಿನೆಂಟು ವರ್ಷ ಮಿಲ್ಲಿನ ಬೆಲ್ಟಿನ ಪಕ್ಕದಲ್ಲೇ ನಿಂತವನು. ಮಿಲ್ಲಿಗೆ ಬಂದ ಹೆಂಗಸರು ಅವನ ಜೊತೆ ಮಾತನಾಡಲು ಕೂಗುತ್ತಿದ್ದರು, ಅವನೂ ಕೂಗುತ್ತಿದ್ದ. ಮಿಲ್ಲು ನಿಂತ ಮೇಲೂ ಅವನು ಕೂಗುವುದು ನಿಲ್ಲದಿದ್ದಾಗ ಮಲ್ಲಿಕಾಂಬನಿಗೆ ಅನುಮಾನ ಬಂತು. ಎಪ್ಪತ್ತೊಂಬತ್ತನೇ ಇಸವಿ ಶ್ರಾವಣ ಕಳೆದ ಮೇಲೆ ಇಬ್ಬರೂ ಶಿವಮೊಗ್ಗೆಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದರು. ಸಣ್ಣ ದನಿ ಆಗಲೇ ಹೋಗಿದೆ, ದಪ್ಪ ದನಿ ಇನ್ನು ನಾಲ್ಕೈದು ವರ್ಷ ಉಳಿದರೆ ಹೆಚ್ಚು ಎಂದರು ಡಾಕ್ಟರು. ಕಿವಿಗೆ ಹಾಕುವ ಮಿಷನ್ನನ್ನೂ ಹಾಕಿ ನೋಡಿದರು. "ಮಿಲ್ಲನ್ನೇ ತಂದು ತಲೆಯೊಳಗೆ ಇಟ್ಟಂಗಾಯ್ತು" ಎಂದು ಷಣ್ಮುಖಪ್ಪ ಕಿತ್ತು ಕೊಟ್ಟ.

ವಾಪಸು ಬರುವಾಗ ತರೀಕೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಅವನು ಹೆಂಡತಿಯ ಕಡೆಗೆ ಬಾಗಿ, ಗುಟ್ಟು ಹೇಳುತ್ತಿದ್ದೇನೆಂದು ತಿಳಿದು, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದ:

"ಮಲ್ಲಿ, ನಂಗೆ ಬೇರೇನೂ ಬ್ಯಾಡ. ಅಕ್ಕ ಬೀಸೋವಾಗ ಹಾಡ್ತಿದ್ಲಲ್ಲ, ಅದು ಮನೇಲಿರಬೇಕು. ಕಿವಿ ಪೂರ್ತಿ ಹೋಗೋದ್ರೊಳಗೆ ಬೇಕಾದಾಗೆಲ್ಲ ಕೇಳಬೇಕು."

ಪಕ್ಕದ ಮೇಜಿನ ಮುದುಕ ದೋಸೆ ಕೈಯಲ್ಲಿ ಹಿಡಿದು ಇವರನ್ನೇ ನೋಡಿದ. ಮಲ್ಲಿಕಾಂಬ ತಲೆ ತಗ್ಗಿಸಿಕೊಂಡಳು.

ಅಕ್ಕ ಎಂದರೆ ಬುಕ್ಕಾಂಬುಧಿಯ ತೀರ್ಥಮ್ಮ. ತಾಯಿ ಹೋದಾಗ ಷಣ್ಮುಖಪ್ಪನಿಗೆ ಎರಡು ವರ್ಷ, ತೀರ್ಥಮ್ಮನಿಗೆ ಹದಿನಾರು. ಬೀಸುವ ಕಲ್ಲಿನ ಪಕ್ಕ ಗೋಣಿ ಹಾಸಿ ತಮ್ಮನನ್ನು ಮಲಗಿಸಿ, ಬೀಸುತ್ತ ಹಾಡಿ ಸಾಕಿದವಳು. ಈಗ ಅರವತ್ತು ದಾಟಿದ್ದಳು. ತಮ್ಮನದೇ ಮಿಲ್ಲಿದ್ದರೂ ತನ್ನ ರಾಗಿಯನ್ನು ಮಾತ್ರ ಮಿಲ್ಲಿಗೆ ಕಳಿಸುತ್ತಿರಲಿಲ್ಲ. "ನಿನ್ನ ಮಿಲ್ಲಿನ ಹಿಟ್ಟು ಬಿಸಿಯಾಗೇ ಸತ್ತೋಗಿರ್ತೈತೆ ಕಣೋ" ಅನ್ನುತ್ತಿದ್ದಳು.

ಟೇಪ್ ರೆಕಾರ್ಡರು ತರಲು ಗಂಡಹೆಂಡತಿ ಕಡೂರಿಗೆ ಹೋದರು. ಅಲ್ಲಿ ರೇಡಿಯೋ ರಿಪೇರಿಯ ಓಂಕಾರಮೂರ್ತಿ ಹೊಸದು ಹಳೆಯದು ಎರಡನ್ನೂ ಇಟ್ಟಿದ್ದ. ಯಾವುದು ಬೇಕು, ಯಾತಕ್ಕೆ ಬೇಕು ಎಂದು ಕೇಳಿಕೊಂಡು, ಕೈಗೂಸಿನಷ್ಟೇ ಇದ್ದ ಒಂದು ಚಿಕ್ಕ ಕಪ್ಪು ಪೆಟ್ಟಿಗೆಯನ್ನು ಮುಂದಿಟ್ಟ.

"ಯಜಮಾನ್ರೇ, ಹಾಡು ಹಿಡಿಯೋದು ಪೆಟ್ಟಿಗೆ ಅಲ್ಲ, ಮೈಕು. ಇದಕ್ಕೆ ಬೇರೆ ಮೈಕು ಸಿಕ್ಕಿಸೋ ತೂತೈತೆ. ಪೆಟ್ಟಿಗೆ ಚಿಕ್ಕದಾದ್ರೂ ಪರವಾಗಿಲ್ಲ, ಮೈಕು ಒಳ್ಳೇದು ತಗೊಳ್ಳಿ."

ಹಾಕಿ ತೋರಿಸಿದರೆ ಷಣ್ಮುಖಪ್ಪನಿಗೆ ಆ ಪೆಟ್ಟಿಗೆಯ ದನಿ ಕೇಳಿಸಲಿಲ್ಲ. ಮೇಲಿನ ಹಲಗೆಯ ಮೇಲೆ ಎರಡು ಸ್ಪೀಕರಿನ, ರೇಡಿಯೋ ಸಹಿತವಾದ ದೊಡ್ಡ ಸೆಟ್ಟೊಂದಿತ್ತು. ಅದನ್ನು ಹಾಕಿಸಿದ. ತಿರುಪು ಪೂರ್ತಿ ತಿರುಗಿಸಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

"ನೋಡು, ಇದು ದನಿ!" ಎಂದ.

ಮಲ್ಲಿಕಾಂಬನ ಕಿವಿಗೆ ಅದು ಕಾದ ಹಂಚಿನ ಮೇಲೆ ಮರಳು ಸುರಿದ ಹಾಗಿತ್ತು. "ರೀ, ಅದು ಒಡಕು ದನಿ ಕಣ್ರೀ" ಎಂದಳು. ಅವನಿಗೆ ಕೇಳಲಿಲ್ಲ. ಇನ್ನೊಮ್ಮೆ ಕೂಗಿ ಹೇಳಬಹುದಿತ್ತು. ಆದರೆ ಅಂಗಡಿಯ ತುಂಬ ಜನ, ಅಷ್ಟು ಜನರೆದುರು ನಿಮ್ಮ ಕಿವಿ ಸರಿಯಿಲ್ಲ ಎಂದು ಕೂಗುವುದು ಅವಳಿಂದಾಗಲಿಲ್ಲ. ಓಂಕಾರಮೂರ್ತಿಯೂ ಅವಳ ಮುಖ ನೋಡಿ ಸುಮ್ಮನಾದ. ದೊಡ್ಡ ಸೆಟ್ಟೇ ಮನೆಗೆ ಬಂತು.

ಮರುವಾರ ಬುಕ್ಕಾಂಬುಧಿಗೆ ಹೋದರು. ತೀರ್ಥಮ್ಮ ಸೆಟ್ಟಿನ ಸುತ್ತ ಒಂದು ಸುತ್ತು ಬಂದು, "ಇದರ ಮುಂದೆ ಸುಮ್ನೆ ಕೂತು ಹಾಡು ಅಂತೀಯಾ? ಕೈ ಆಡದಿದ್ರೆ ನಂಗೆ ಬಾಯಿ ಬರಲ್ಲ ಕಣೋ" ಎಂದಳು.

"ಕಲ್ಲಿನ ಸದ್ದು ಜಾಸ್ತಿಯಾಗ್ತದೆ ಅತ್ತಿಗೆ. ಕಾಳು ಹಾಕದೆ ಸುಮ್ಮನೆ ತಿರುಗಿಸ್ತಾ ಹಾಡಿ" ಎಂದಳು ಮಲ್ಲಿಕಾಂಬ.

"ಏನಂದೆ? ಬರೀ ಕಲ್ಲು ತಿರುಗಿಸೋದಾ? ಮನೇಲಿ ಕಾಳು ಮುಗೀಲಿ ಅಂತ ಬೇಡಿಕೊಂಡಂಗೆ ಅದು! ಮಿಲ್ಲಿನೋರ ಮನೆ ಸೇರಿ ಅದೂ ಮರೆತೋಯ್ತೇನೇ ನಿಂಗೆ?"

ಮಲ್ಲಿಕಾಂಬ ಕೆನ್ನೆಗೆ ಬಡಿದುಕೊಂಡಳು. ಕೈಗೆ ಸಿಕ್ಕಿದ್ದು ಹುರುಳಿ. ಕಲ್ಲಿನ ಬಾಯಿಗೆ ಹುರುಳಿ ಹಾಕಿ ತೀರ್ಥಮ್ಮ ಶುರುಮಾಡಿದಳು. ಷಣ್ಮುಖಪ್ಪ ಸೆಟ್ಟನ್ನು ಕಲ್ಲಿಗೆ ಒತ್ತಿ ನೆಲದ ಮೇಲೆ ಇಟ್ಟ. ಹಾಡು ಮುಗಿದ ಮೇಲೆ ತಿರುಪು ಪೂರ್ತಿ ತಿರುಗಿಸಿ ಹಾಕಿ, ತೊಡೆ ತಟ್ಟಿಕೊಂಡು, "ಬಂತು! ಎಷ್ಟು ಚೆನ್ನಾಗಿ ಬಂತು!" ಎಂದ.

ತೀರ್ಥಮ್ಮ ಹುಬ್ಬು ಗಂಟಿಕ್ಕಿ ಕೇಳಿದಳು. "ಅದ್ಯಾರೋ ಅದು? ಬಾಯ್ತುಂಬ ಹುರುಳಿ ಹಾಕ್ಕೊಂಡು ಗೊಣಗ್ತಾವ್ರೆ?"

ಷಣ್ಮುಖಪ್ಪ ಅಕ್ಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅವರಿಬ್ಬರ ಮುಖದಲ್ಲಿ ಹಾಡು ಕೇಳಿದವರ ಲಕ್ಷಣ ಇರಲಿಲ್ಲ. ತನಗೆ ಕೇಳಿದ್ದು ಕಲ್ಲಿನ ಗುಡುಗು ಮಾತ್ರ ಎಂದು ಆಗ ಗೊತ್ತಾಯಿತು. ಸೆಟ್ಟು ಆರಿಸಿ, ಎದ್ದು ಹಿತ್ತಲಿಗೆ ಹೋಗಿ ದನದ ಹತ್ತಿರ ನಿಂತುಕೊಂಡ. ಸಂಜೆಯ ಬಸ್ಸಿನ ತನಕ ಒಳಗೆ ಬರಲಿಲ್ಲ.

ಆಮೇಲೆ ಹದಿನೈದು ದಿನ ಆ ಮಾತೇ ಎತ್ತಲಿಲ್ಲ. ಸೆಟ್ಟಿನ ಮೇಲೆ ಹಿಟ್ಟಿನ ಧೂಳು ಕೂತಿತು. ಒಂದು ಬೆಳಿಗ್ಗೆ ಮಲ್ಲಿಕಾಂಬ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಗಂಡನಿಗೆ ಬೀರೂರಿನ ತನ್ನ ಅಕ್ಕನ ಮನೆಗೆ ಎಂದು ಹೇಳಿ, ಬೀರೂರಿನಲ್ಲಿ ಇಳಿಯದೆ ಕಡೂರಿಗೇ ಟಿಕೇಟು ತಗೊಂಡಳು. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು.

ಓಂಕಾರಮೂರ್ತಿ ಅವಳನ್ನು ನೋಡಿದವನೇ ಸ್ಟೂಲು ಎಳೆದು ಕೊಟ್ಟ. "ಬತ್ತೀರ ಅಂತ ಗೊತ್ತಿತ್ತಮ್ಮ. ಆವತ್ತೇ ಹೇಳಬೇಕಿತ್ತು ನಾನು, ನಿಮ್ಮ ಯಜಮಾನ್ರು ಬೇಜಾರಾಗ್ತಾರೇನೋ ಅಂತ ಬಿಟ್ಟೆ."

"ನಾನೂ ಅದಕ್ಕೇ ಬಿಟ್ಟೆ" ಎಂದಳು ಮಲ್ಲಿಕಾಂಬ. "ಈಗ ಹೇಳಿಕೊಡಿ. ಬರೆದುಕೊಳ್ಳಾಕೆ ಬರಲ್ಲ ಅಂತಲ್ಲ, ನಿಧಾನ. ತೋರಿಸಿ, ನೆನಪಿಟ್ಕೋತೀನಿ."

ಅವನು ದೊಡ್ಡದನ್ನು ವಾಪಸು ತಗೊಂಡು ಚಿಕ್ಕದನ್ನೂ ಉದ್ದ ವಯರಿನ ಮೈಕನ್ನೂ ಕೊಟ್ಟ. ಮೊದಲು ಅವಳ ಕೈಯಲ್ಲೇ ಹಾಡಿಸಿ, ಮೈಕನ್ನು ಗೇಣು ದೂರ, ಮೊಳ ದೂರ, ಮಾರು ದೂರ ಇಟ್ಟು, ಮೂರನ್ನೂ ಕೇಳಿಸಿದ. ಮಾರು ದೂರದ್ದರಲ್ಲಿ ಅವಳಿಗಿಂತ ಬೀದಿಯ ಜಟಕಾವೇ ಚೆನ್ನಾಗಿ ಬಂದಿತ್ತು. ಪೆಟ್ಟಿಗೆಯನ್ನು ನೆಲಕ್ಕಿಡಬೇಡಿ, ನೆಲದ ಅದುರು ಸೇರುತ್ತದೆ ಎಂದ. ಪೆಟ್ಟಿಗೆಯ ಕಿಂಡಿಯಲ್ಲಿ ದನಿ ಅಳೆಯುವ ಮುಳ್ಳು ಕೆಂಪಿನ ಹತ್ತಿರ ಹೋಗಬೇಕು, ಕೆಂಪಿನೊಳಗೆ ಕೂರಬಾರದು ಎಂದ. ಕರೆಂಟಿನಲ್ಲಿ ಹಾಕಿದರೆ ಗುಂಯ್ ಅನ್ನುತ್ತದೆ, ಹಾಡು ಹಿಡಿಯುವಾಗ ಹೊಸ ಸೆಲ್ಲು ಹಾಕಿ. ಉದ್ದದ ಕ್ಯಾಸೆಟ್ಟು ಬೇಡ, ಅದರ ಟೇಪು ಈರುಳ್ಳಿ ಸಿಪ್ಪೆಯಷ್ಟು ತೆಳು, ಸುತ್ತಿಕೊಳ್ಳುತ್ತದೆ. ಅರವತ್ತು ನಿಮಿಷದ್ದೇ ತಗೊಳ್ಳಿ. ಗೋಡೆಗೆ ಕಂಬಳಿ ಇಳಿಬಿಡಿ. ಮಲ್ಲಿಕಾಂಬ ಒಂದೊಂದಕ್ಕೂ ಸೆರಗಿನ ತುದಿಗೆ ಒಂದೊಂದು ಗಂಟು ಹಾಕಿಕೊಂಡಳು. ಮನೆಗೆ ಬರುವಾಗ ಸೆರಗಿನಲ್ಲಿ ಆರು ಗಂಟಿದ್ದವು.

ಷಣ್ಮುಖಪ್ಪ ಚಿಕ್ಕ ಪೆಟ್ಟಿಗೆಯನ್ನು ನೋಡಿ, "ಬೀರೂರಲ್ಲಿ ನಿಮ್ಮಕ್ಕ ಇದನ್ನೂ ಮಾರ್ತಾಳಾ?" ಎಂದ. ಬೈಯಲಿಲ್ಲ.

ಮುಂದಿನ ಸಲ ಬುಕ್ಕಾಂಬುಧಿಯಲ್ಲಿ ಎಲ್ಲ ಅವಳೇ ಹೊಂದಿಸಿದಳು. ಗೋಡೆಗೆ ಕಂಬಳಿ ಕಟ್ಟಿದಳು. ಕಲ್ಲಿನ ಅಡಿಗೆ ಮಡಿಸಿದ ಗೋಣಿ ಕೊಟ್ಟಳು. ಮೈಕನ್ನು ಜಂತಿಯಿಂದ ಹಗ್ಗದಲ್ಲಿ ಇಳಿಬಿಟ್ಟಳು. ಯಾವ ಕಾಳು ಎಂಬುದನ್ನು ತೀರ್ಥಮ್ಮನೇ ಹೇಳಿದಳು: "ಹುರುಳಿ ಸಿಡೀತೈತೆ, ಜೋಳ ಕಟಕಟ ಅಂತೈತೆ. ರಾಗಿ ಹಾಕು. ರಾಗಿ ಮಾತಾಡಲ್ಲ, ಉಸಿರಾಡ್ತೈತೆ."

ಹಾಡು ಮುಗಿದ ಮೇಲೆ ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ ಹಾಕಿದರು. ಒಂದೊಂದು ಮಾತೂ ಕಡ್ಡಿ ಮುರಿದಂತೆ ಕೇಳಿತು. ತೀರ್ಥಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು, "ಅಯ್ಯೋ ಶಿವನೇ, ನಾನೇ ಕಣೇ!" ಎಂದಳು.

ಷಣ್ಮುಖಪ್ಪ ಪೆಟ್ಟಿಗೆಯನ್ನು ಎತ್ತಿ ಕಿವಿಗೆ ಒತ್ತಿಕೊಂಡು ಕೂತ. ಸ್ವಲ್ಪ ಹೊತ್ತಾದ ಮೇಲೆ, "ಕಲ್ಲು ಕೇಳ್ತೈತೆ" ಎಂದ. "ಅಕ್ಕ ಕೇಳ್ತಿಲ್ಲ."

ಕ್ಯಾಸೆಟ್ಟು ಓಡುತ್ತಲೇ ಇತ್ತು.

ಆಗ ಮಲ್ಲಿಕಾಂಬನಿಗೆ ಡಾಕ್ಟರು ಹೇಳಿದ್ದು ಹೊಳೆಯಿತು. ಅವನಿಗೆ ಹೋಗಿದ್ದು ಸಣ್ಣ ದನಿ, ದಪ್ಪ ದನಿ ಇನ್ನೂ ಇದೆ. "ಅತ್ತಿಗೆ, ತಗ್ಗಿಸಿ ಹಾಡ್ತೀರಾ? ದಪ್ಪಗೆ, ಗಂಡಸರ ಥರ?"

"ಭಜನೆ ಮಾಡೋ ಮುದುಕರ ಥರವಾ?" ಎಂದು ತೀರ್ಥಮ್ಮ ನಕ್ಕಳು. ಆಮೇಲೆ ಗಂಟಲಿನ ತಳದಲ್ಲಿ ಒಂದು ಸಾಲು ಎಳೆದು ನೋಡಿದಳು. ಅಷ್ಟು ತಗ್ಗಿಸಿದರೆ ಕಲ್ಲಿನ ಸದ್ದೇ ಅವಳನ್ನು ನುಂಗುತ್ತಿತ್ತು. ಮೈಕು ಅಷ್ಟು ಮೇಲಿದ್ದರೆ ಆಗುವುದಿಲ್ಲ. ಬಾಯಿಯಿಂದ ಗೇಣು ದೂರ ಇರಬೇಕು, ಆದರೆ ಬೀಸುವವಳು ಒಂದು ಕಡೆ ಇರುತ್ತಾಳೆಯೇ, ಮುಂದಕ್ಕೂ ಹಿಂದಕ್ಕೂ ತೂಗುತ್ತಿರುತ್ತಾಳೆ.

ಮಲ್ಲಿಕಾಂಬ ಮೈಕನ್ನು ಜಂತಿಯಿಂದ ಬಿಚ್ಚಿದಳು. ತೀರ್ಥಮ್ಮನ ಎದುರು ಕಲ್ಲಿನ ಆಚೆ ಬದಿಗೆ ಕಾಲು ಚಾಚಿ ಕೂತಳು. ಬಲಗೈಯನ್ನು ಅತ್ತಿಗೆಯ ಕೈಯ ಮೇಲೆ, ಕಲ್ಲಿನ ಗೂಟಕ್ಕೆ ಕೊಟ್ಟಳು. ಎಡಗೈಯಲ್ಲಿ ಮೈಕು. ಇಬ್ಬರೂ ಬೀಸತೊಡಗಿದರು. ಒಬ್ಬಳು ಎಳೆದರೆ ಒಬ್ಬಳು ಬಿಡಬೇಕು. ತೀರ್ಥಮ್ಮ ಬಾಗಿದಾಗ ಮೈಕು ಹಿಂದಕ್ಕೆ, ಅವಳು ಸರಿದಾಗ ಮೈಕು ಮುಂದಕ್ಕೆ. ಮೊದಲ ಎರಡು ಸಲ ಮೈಕು ಮೂಗಿಗೆ ಬಡಿಯಿತು. "ಲೇ, ಮುದುಕಿ ಮೂಗುಬಟ್ಟು ಉದುರಿಸ್ತೀಯ!" ಎಂದು ಬೈದು ತೀರ್ಥಮ್ಮ ಮತ್ತೆ ಶುರುಮಾಡಿದಳು. ಮೂರನೆಯ ಸಲ ಕೈಗೆ ಲಯ ಸಿಕ್ಕಿತು. ಷಣ್ಮುಖಪ್ಪ ಮುಳ್ಳನ್ನೇ ನೋಡುತ್ತ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಮೂರು ಹಿಡಿ ರಾಗಿ ಮುಗಿಯುವ ತನಕ ಹಾಡು ನಡೆಯಿತು.

ಕ್ಯಾಸೆಟ್ಟು ಹಿಂದಕ್ಕೆ ಓಡಿಸಿ ಹಾಕಿದರು. ದಪ್ಪ ದನಿ, ಒಂದು ಸ್ವಲ್ಪ ಕೆರೆದಂತೆ, ಹತ್ತಿರದ್ದು. ಷಣ್ಮುಖಪ್ಪ ಪೆಟ್ಟಿಗೆಯನ್ನು ಕಿವಿಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದ. ಮಲ್ಲಿಕಾಂಬ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೇಳಿಸಿತೇ ಎಂದು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಕೇಳಿಸದಿದ್ದರೂ ಕೇಳಿಸಿತು ಅನ್ನುವವನು ಅವನು, ಅಕ್ಕನ ಮನಸ್ಸು ನೋಯಬಾರದೆಂದು.

ಪೆಟ್ಟಿಗೆಯೊಳಗೆ ತೀರ್ಥಮ್ಮ ಹಾಡುತ್ತಿದ್ದಳು:

ಕೆರೆಯೇರಿ ಮ್ಯಾಲೆ ಜೋಡೆತ್ತು ಬರುತಾವೆ
ಎಡದೋನು ನಮ್ಮ ಎಳೆಗೆಂದ, ತಂಗೆಮ್ಮ
ಹೊಸ ರಾಗಿ ಮನೆಗೆ ತರುತಾವೆ

ಷಣ್ಮುಖಪ್ಪ ತಟ್ಟನೆ ಪೆಟ್ಟಿಗೆ ನಿಲ್ಲಿಸಿದ.

"ಅಕ್ಕ, ಮಾಸ ಎಲ್ಲೋದ?"

"ಯಾವ ಮಾಸ?"

"ಬಲದೋನು ಮಾಸ, ಬಲಗಡೆ ಎತ್ತು. ಜೋಡೆತ್ತು ಅಂತೀಯ, ಕೆಂದ ಒಬ್ಬನ್ನೇ ಹೂಡಿದೀಯ. ಎಡದೋನು ಕೆಂದ, ಬಲದೋನು ಮಾಸ, ಆಮೇಲೆ ತಂಗೆಮ್ಮ. ಒಂದು ಸಾಲನ್ನೇ ನುಂಗಿಬಿಟ್ಟಿದೀಯ."

ತೀರ್ಥಮ್ಮ ಬೆರಳು ಮಡಿಸಿ ತುಟಿಯಲ್ಲೇ ಹೇಳಿಕೊಂಡು ನೋಡಿದಳು. ಬಿಟ್ಟದ್ದು ನಿಜ. "ಎಲಾ ಇವನ! ಐವತ್ತು ವರ್ಷದಿಂದ ಹಾಡ್ತಿರೋಳು ನಾನು, ತಪ್ಪು ಹಿಡಿಯೋಕೆ ಬಂದ್ಬಿಟ್ಟ ಕಿವುಡ!"

"ಕಿವುಡ ಯಾರು? ಕೇಳಿಸದಿದ್ರೆ ತಪ್ಪು ಹಿಡೀತಿದ್ನಾ?"

ಮಲ್ಲಿಕಾಂಬ ಮೈಕಿನ ವಯರನ್ನು ಸಿಕ್ಕಿಲ್ಲದಂತೆ ಸರಿಮಾಡಿಕೊಂಡು, ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿ, ಗೂಟಕ್ಕೆ ಕೈಕೊಟ್ಟು ಕಾದು ಕೂತಳು.