ಡಬ್ಬಿಯಕ್ಕನ ಬಾಗಿಲ ಗಂಟೆ

ಆ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಕಸದ ಬುಟ್ಟಿಗೆ ಹಾಕುವ ಮುಂಚೆ ಒಂದು ಮಾತು ಬರುತ್ತಿತ್ತು: "ತಾಳು, ಡಬ್ಬಿಯಕ್ಕಂಗೆ ಬೇಕಾ ಕೇಳು." ಡಬ್ಬಿಯಕ್ಕ ಎಂದರೆ ಮೂಲೆ ಮನೆಯ ದರ್ಜಿ ಹೆಂಗಸು. ಹೊಟ್ಟೆಪಾಡಿಗೆ ಶಾಲೆ ಮಕ್ಕಳ ಅಂಗಿ, ಪರದೆ, ದಿಂಬಿನ ಚೀಲ ಹೊಲಿಯುತ್ತಾಳೆ. ಹುಚ್ಚು ಮಾತ್ರ ಬೇರೆ. ಪೌಡರ್ ಡಬ್ಬಿಯೊಳಗೆ ರೇಡಿಯೊ, ಸೋಪಿನ ಪೆಟ್ಟಿಗೆಯೊಳಗೆ ಟಾರ್ಚು, ಮುರಿದ ಆಟಿಕೆಯ ಮೋಟಾರಿಗೆ ತಗಡಿನ ರೆಕ್ಕೆ ಸಿಕ್ಕಿಸಿದ ಫ್ಯಾನು. ಆ ಫ್ಯಾನಿನ ಗಾಳಿ ಸೊಳ್ಳೆಗೂ ತಾಗುವುದಿಲ್ಲ ಎಂದು ಬಸ್ ಓಡಿಸುವ ಗಂಡ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ ಬಿಡಿ. ಟಿ.ವಿ. ರಿಮೋಟಿನಲ್ಲಿ ಸೆಲ್ ಇಲ್ಲದಿದ್ದಾಗ ಮಾತ್ರ ಅವನಿಗೆ ನಿಜವಾಗಿ ಸಿಟ್ಟು ಬರುತ್ತದೆ, ಅದೂ ಆಗಾಗ ಬರುತ್ತಲೇ ಇರುತ್ತದೆ.

ಮನೆಯಲ್ಲಿ ಇನ್ನೊಬ್ಬರು ಅವಳ ಮಾವ. ಬಜಾರಿನ ತಿರುವಿನಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು, ಕೀ ಕಳೆದುಕೊಂಡು ಬಂದವರ ಬೀಗಗಳನ್ನೆಲ್ಲ ತೆಗೆದುಕೊಟ್ಟವರು. ಈಗ ಅವರಿಗೆ ಮರೆವು. ಮಗನ ಮುಖವೂ ಗುರುತು ಹತ್ತುವುದಿಲ್ಲ, ಪಾಪ. ಮಧ್ಯಾಹ್ನ ಊಟವಾಗಿ ಸೊಸೆ ಹಿಂದಿನ ಕೋಣೆಯಲ್ಲಿ ಮೆಷಿನ್ ತುಳಿಯಲು ಕೂತರೆ ಸಾಕು, ಅಂಗಡಿ ತೆಗೆಯಬೇಕೆಂದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೆ. ಮೆಷಿನ್ನಿನ ಸದ್ದಿನಲ್ಲಿ ಬಾಗಿಲು ತೆರೆದದ್ದು ಅವಳಿಗೆ ಕೇಳಿಸುವುದಿಲ್ಲ. ಮೆಷಿನ್ನನ್ನು ಮುಂದಕ್ಕೆ ತರೋಣವೆಂದರೆ, ಮುಂದಿನ ಕೋಣೆಯಲ್ಲಿ ಮಾವನ ಮಂಚ ಹಾಕಿದ ಮೇಲೆ ಕಾಲಿಡಲೂ ಜಾಗವಿಲ್ಲ. ಹೋದ ವಾರ ದೊಡ್ಡ ರಸ್ತೆಯಲ್ಲಿ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿ ನಿಂತಿತ್ತು. ಅದರ ಮುಂದೆ ಮಾವ ನಿಂತಿದ್ದರು.

"ಒಳಗಿನ ಚಿಲಕ ಅವರ ಕೈಗೆ ಯಾವ ಲೆಕ್ಕ? ಇನ್ಮೇಲೆ ಹೊರಗಿಂದ ಬೀಗ ಹಾಕ್ಕೊಂಡು ನೀನು ಹಿಂದಿನ ಬಾಗ್ಲಿಂದ ಓಡಾಡು" ಎಂದ ಗಂಡ.

"ಮಾವಂಗೆ ಬೀಗ ಹಾಕ್ತೀರಾ? ಅವರಿಗೆ?"

"ನಂಗೇನು ಖುಷಿನಾ? ಲಾರಿ ಕೆಳಗೆ ಹೋದ್ರೆ ಆಗ ಏನ್ ಮಾಡ್ತೀಯ, ಹೇಳು." ಕೆಟ್ಟವನಲ್ಲ ಅವನು, ಹೆದರಿದ್ದ.

"ರೀ, ಸ್ವಲ್ಪ ದಿನ ತಡೀರಿ. ನಾನೇನಾದ್ರೂ ಮಾಡ್ತೀನಿ."

"ಡಬ್ಬೀಲಾ?"

"ಹೂಂ, ಡಬ್ಬೀಲೇ."

"ಮಾಡು. ಆದ್ರೆ ಇನ್ನೊಂದ್ಸಲ ಅಪ್ಪ ಆಚೆ ಹೋದ್ರೆ ಬೀಗಾನೇ. ಆಮೇಲೆ ನನ್ನ ಕೇಳ್ಬೇಡ."

ಬಟ್ಟೆ ಒಣಹಾಕುವ ಕ್ಲಿಪ್ಪೊಂದರ ಎರಡು ತುಟಿಗೂ ಅವಳು ಒಂದೊಂದು ಲೋಹದ ಟಿಚ್ ಬಟನ್ ಅಂಟಿಸಿ, ತಂತಿ ಸುತ್ತಿ ಹಿಂದಿನ ಕೋಣೆಗೆ ಎಳೆದಳು. ನಡುವೆ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ತುಂಡು ಕಚ್ಚಿಸಿ, ಅದಕ್ಕೆ ದಾರ ಕಟ್ಟಿ, ಕ್ಲಿಪ್ಪನ್ನು ಚೌಕಟ್ಟಿಗೂ ದಾರದ ಇನ್ನೊಂದು ತುದಿಯನ್ನು ಬಾಗಿಲಿಗೂ ಬಿಗಿದಳು. ಬಾಗಿಲು ತೆರೆದರೆ ತುಂಡು ಕಿತ್ತುಬರಬೇಕು, ಬಟನ್ನಿಗೆ ಬಟನ್ ತಾಗಬೇಕು, ಹಿಂದಿನ ಕೋಣೆಯ ಪೌಡರ್ ಡಬ್ಬಿಯೊಳಗಿನ ಆಟಿಕೆ ಕಾರಿನ ಸೈರನ್ ಕೂಗಬೇಕು. ಸೆಲ್ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಮೊದಲ ದಿನ ಅದು ಕೂಗಿದ ಕೂಗಿಗೆ ಓಣಿಯೇ ಎದ್ದು ಕೂತಿತು. ಅವಳು ಓಡಿಬಂದಳು. ಮಾವ ಹೊಸ್ತಿಲಲ್ಲಿ ನಿಂತು ಆ ಕ್ಲಿಪ್ಪನ್ನೇ ಕೆಕ್ಕರಿಸಿ ನೋಡುತ್ತಿದ್ದರು. "ಬನ್ನಿ ಮಾವ" ಎಂದು ಒಳಗೆ ಕರೆತಂದು ಕೂರಿಸಿದಳು. ಸಂಜೆ ಗಂಡನಿಗೂ ಕೂಗಿಸಿ ತೋರಿಸಿ ಬೀಗಿದಳು.

ಮರುದಿನ ಸದ್ದಿಲ್ಲ. ಮಾವನಿಗೆ ನಿದ್ದೆ ಹತ್ತಿರಬೇಕು ಎಂದುಕೊಂಡು ಅವಳು ಹಾಯಾಗಿ ಕಾಲರು ಹೊಲಿದು ಮುಗಿಸಿದಳು. ಚಹಾ ಹಿಡಿದು ಮುಂದಕ್ಕೆ ಬಂದರೆ ಮಂಚ ಖಾಲಿ. ಬಾಗಿಲು ಒಳಕ್ಕೆ ಅರ್ಧಕ್ಕಿಂತ ಹೆಚ್ಚು ತೆರೆದಿದೆ. ಚೌಕಟ್ಟಿನ ಮೇಲೆ ಕ್ಲಿಪ್ಪೇ ಇಲ್ಲ. ಕೊರಳಲ್ಲಿ ಅಳತೆ ಟೇಪು, ಕಾಲಲ್ಲಿ ಚಪ್ಪಲಿಯಿಲ್ಲ, ದೊಡ್ಡ ರಸ್ತೆಯವರೆಗೂ ಓಡಿದಳು.

"ಈ ಕಡೆ ಬರ್ಲಿಲ್ವಲ್ಲಕ್ಕ" ಎಂದ ಹಣ್ಣಿನ ಗಾಡಿಯವನು.

ವಾಪಸು ಬರುವಾಗ ಓಣಿಯ ಬಾಯಲ್ಲಿ ಗಂಡ ಎದುರಾದ. ಅವನ ಕೈಯಲ್ಲಿ ಹೊಸ ಬೀಗ. ಅಂಗಡಿಯವನು ಒತ್ತಿ ಹಾಕಿ ತೋರಿಸಿದ್ದ ಅದು ಇನ್ನೂ ಹಾಗೇ ಹಾಕಿಕೊಂಡಿತ್ತು. "ಯಾತಕ್ಕೂ ಇರ್ಲಿ ಅಂತ ತಂದೆ..." ಎನ್ನುತ್ತಾ ಅವಳ ಮುಖ ನೋಡಿದವನಿಗೆ ಮುಂದಿನ ಮಾತು ಬೇಕಾಗಲಿಲ್ಲ. ಇಬ್ಬರೂ ಮನೆಗೆ ಓಡಿದರು. ಸ್ಕೂಟರ್ ತೆಗೆದು ಹುಡುಕೋಣವೆಂದು ಅವನು ಬಾಗಿಲ ಹಿಂದೆ ತೂಗುಹಾಕಿದ್ದ ಹೆಲ್ಮೆಟ್ಟಿಗೆ ಕೈಹಾಕಿ ಬಾಗಿಲನ್ನು ಈಚೆಗೆ ಎಳೆದ.

ಅಲ್ಲಿ, ಕಿಟಕಿಯ ಕೆಳಗಿನ ಮೂಲೆಯಲ್ಲಿ, ಮಾವ ಕೂತಿದ್ದರು. ಕಾಲಲ್ಲಿ ಚಪ್ಪಲಿ, ಹಲ್ಲಿನ ನಡುವೆ ಸೊಸೆಯ ಹೇರ್‌ಪಿನ್ನು. ಮುಂದೆ ಹಾಸಿದ ಟವೆಲ್ಲಿನ ಮೇಲೆ ಕ್ಲಿಪ್ಪಿನ ಎರಡು ಹೋಳು, ಸ್ಪ್ರಿಂಗು, ಬಟನ್ನು, ದಾರ, ಎಲ್ಲವೂ ಸಾಲಾಗಿ.

"ಬೆಳಕಿಗೆ ಅಡ್ಡ ನಿಲ್ಬೇಡಿ" ಎಂದರು, ತಲೆಯೆತ್ತದೆ.

ಸೊಸೆಗೆ ಹೋದ ಜೀವ ಬಂದಂತಾಯಿತು. ಅವರೆದುರೇ ಕೂತಳು.

"ಯಾರ್ರೀ ಮಾಡಿದ್ದು ಇದನ್ನ? ಸ್ಪ್ರಿಂಗ್ ಸಡಿಲ. ಗುಂಡಿ ಸರಿಯಾಗಿ ಕೂತಿಲ್ಲ."

"ನಾನೇ ಮಾವ."

"ಕೈ ಪರವಾಗಿಲ್ಲ. ಆತುರ ಜಾಸ್ತಿ."

ಅವಳು ಅಳುತ್ತಲೇ ನಕ್ಕಳು. ಹೊರಗೆ ಹೋಗಲೆಂದೇ ಎದ್ದಿದ್ದರು, ಕೂಗದಂತೆ ಕ್ಲಿಪ್ಪನ್ನು ಮೊದಲೇ ಬಿಚ್ಚಿಕೊಂಡು ಬಾಗಿಲನ್ನೂ ತೆರೆದಿದ್ದರು. ಆದರೆ ಕೈಗೆ ಒಂದು ಕೆಲಸ ಸಿಕ್ಕಿಬಿಟ್ಟಿತ್ತು. ಅಂಗಡಿ ತೆಗೆಯಲು ಇನ್ನೆಲ್ಲಿಗೆ ಹೋಗಬೇಕಿತ್ತು ಅವರು?

ಆಗ ಮಾವನ ಕಣ್ಣು ಮಗನ ಕೈಮೇಲೆ ಬಿತ್ತು. "ಅದಕ್ಕೇನಾಯ್ತು? ಕೊಡಿ ಇಲ್ಲಿ." ಮಗ ಬೀಗವನ್ನು ಕೊಟ್ಟ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಕೀ ಕಳ್ಕೊಂಡ್ರಾ?"

ಕೀ ಅವನ ಜೇಬಿನಲ್ಲೇ ಇತ್ತು.

"ಹೂಂ. ಕಳ್ದುಹೋಯ್ತು."

"ಬಿಟ್ಟೋಗಿ. ಈಗ ಕೈಯಲ್ಲಿ ಕೆಲಸ ಇದೆ. ನಾಳೆ ಬನ್ನಿ."

"ಬರ್ತೀನಿ, ಯಜಮಾನ್ರೇ" ಎಂದ ಮಗ.

ಕ್ಲಿಪ್ಪು ಸಂಜೆಯೊಳಗೆ ಮತ್ತೆ ಚೌಕಟ್ಟೇರಿತು, ಮೊದಲಿಗಿಂತ ಬಿಗಿಯಾಗಿ. ಅಡುಗೆಮನೆಯಲ್ಲಿ ಡಬ್ಬಿಯಕ್ಕ ಇನ್ನೊಂದು ಕ್ಲಿಪ್ಪಿಗೆ ಬಟನ್ ಅಂಟಿಸುತ್ತಿದ್ದಳು, ಬೇಕೆಂದೇ ಸೊಟ್ಟಗೆ. ಗಂಡ ಬಂದು ಪಕ್ಕದಲ್ಲಿ ನಿಂತ. ಜೇಬಿನಿಂದ ಬೀಗದ ಕೀ ತೆಗೆದ.

"ಇದನ್ನ ಎಲ್ಲಿಡ್ಲೇ?"

"ಎಲ್ಲಾದ್ರೂ ಬಚ್ಚಿಡಿ ರೀ. ಮಾವನ ಕೈಗೆ ಸಿಕ್ರೆ ಕೆಲಸಾನೇ ಇಲ್ದೆ ನಾಳೆ ಅಂಗಡಿ ಬಾಗ್ಲು ಹಾಕ್ಬೇಕಾಗುತ್ತೆ."