ಎರಡು ಊರಿನ ನಡುವಿನ ಕೂಸು

ಅವರ ಎಡ ಹೆಗಲು ಬಲ ಹೆಗಲಿಗಿಂತ ಕೆಳಗಿತ್ತು. ಲಸಿಕೆಯ ನೀಲಿ ಡಬ್ಬಿಯ ಪಟ್ಟಿ ವರ್ಷಗಟ್ಟಲೆ ಅಲ್ಲೇ ಕೂತು, ಕುಪ್ಪಸದ ಬಟ್ಟೆಯನ್ನೂ ಜಾಳು ಮಾಡಿಬಿಟ್ಟಿತ್ತು. ನಾನು ಹೊಲಿಗೆಯವಳು, ಯಾರನ್ನು ಕಂಡರೂ ಮೊದಲು ನೋಡುವುದು ಭುಜವನ್ನೇ. ಒಮ್ಮೆ ಅಳತೆಗೆಂದು ನಿಲ್ಲಿಸಿಕೊಂಡರೆ ಟೇಪಿನೊಳಗೇ ತಿರುಗಿ ತಿರುಗಿ ಬಾಗಿಲ ಕಡೆ ನೋಡಿದರು. ಆ ಕುಪ್ಪಸ ಕೊನೆಗೂ ಅವರಿಗೆ ಸರಿ ಹೊಂದಲಿಲ್ಲ.

ಅವರು ನನ್ನ ತವರು ಕುರ್ಡಿಯ ಸರ್ಕಾರಿ ನರ್ಸು. ಮಾನ್ವಿಯ ಗುಡಿ ಸೇವೆಯ ಮನೆತನದವರು, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ಊರಿಗೆಲ್ಲ ಸಿಸ್ಟರ್, ನಮಗೂ ಸಿಸ್ಟರ್. ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಚಹಾ ಕೊಟ್ಟರೆ ಹೊಸ್ತಿಲಲ್ಲೇ ನಿಂತು ಕುಡಿದು, "ಕುಂದರಾಕ ಆಗಂಗಿಲ್ಲವ್ವಾ, ಐಸು ಕರಗ್ತದ" ಎನ್ನುತ್ತಿದ್ದರು. ಡಬ್ಬಿ ಇಲ್ಲದ ದಿನವೂ ಅದೇ ಮಾತು. "ಇವತ್ತು ಯಾವ ಐಸ್ರಿ ಸಿಸ್ಟರ್?" ಎಂದು ನಮ್ಮವ್ವ ಕಾಡಿದರೆ, ನಗುವಷ್ಟರಲ್ಲೇ ಮುಂದಿನ ಮನೆ ಸೇರಿರುತ್ತಿದ್ದರು. ನನಗಂತೂ ಅವರನ್ನು ನೋಡಿದರೆ ಏನೋ ಮರೆತು ಬಂದಂತೆ ಕಸಿವಿಸಿಯಾಗುತ್ತಿತ್ತು.

ನನ್ನನ್ನು ಕೊಟ್ಟದ್ದು ರಾಯಚೂರಿನ ಆಚೆ, ಯಾಪಲದಿನ್ನಿಗೆ. ಚೊಚ್ಚಲ ಬಾಣಂತನ ತವರಿನಲ್ಲಾಯಿತು. ಮಗಳಿಗೆ ಮೊದಲಿನ ಸೂಜಿಗಳನ್ನು ಸಿಸ್ಟರೇ ಹಾಕಿದರು. ಎರಡನೇ ಸಲ ಕೂಸಿಗೆ ಜ್ವರ ಬಂತು, ಸುದ್ದಿ ಫೋನಿನಲ್ಲಿ ಅತ್ತೆಯ ಕಿವಿಗೂ ಬಿತ್ತು. ಮೂರನೆಯದಕ್ಕೆ ಮೊದಲೇ ಗಂಡನ ಮನೆಯವರು ಬಂದು ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿಗೆ ನನ್ನ ಮಗಳು ಯಾರ ಪಾಲಿಗೂ ಇಲ್ಲದಂತಾದಳು. ಕುರ್ಡಿಯಲ್ಲಿ ಕೇಳಿದರೆ ಕೂಸು ಗಂಡನ ಮನೆಗೆ ಹೋಯಿತು ಎನ್ನುತ್ತಿದ್ದರು. ಯಾಪಲದಿನ್ನಿಯ ನರ್ಸು ಒಳ್ಳೆಯವಳೇ, ಪಾಪ, ಆಕೆ ಇದು ತವರಿನ ಕೂಸು, ಅಲ್ಲೇ ಎಲ್ಲ ಆಗಿರುತ್ತದೆ ಅಂದುಕೊಂಡಿದ್ದಳು. ಅತ್ತೆಯ ಎದುರು ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ.

ಒಂದು ಗುರುವಾರ ನಾವು ಹತ್ತಿ ಬಿಡಿಸಲು ಹೊರಟಿದ್ದೆವು. ಅಂಗಳದಲ್ಲಿ ಸಿಸ್ಟರ್ ನಿಂತಿದ್ದರು. ಹೆಗಲಲ್ಲಿ ಡಬ್ಬಿ ಇಲ್ಲ, ಕೈಯಲ್ಲಿ ಬರೀ ಒಂದು ಚೀಲ. ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಅಂಗನವಾಡಿಯಲ್ಲಿ ಆ ಊರಿನ ನರ್ಸಿನ ಹತ್ತಿರ ಮಗಳ ಮೂರನೇ ಸೂಜಿಯ ಬಗ್ಗೆ ಆಗಲೇ ಮಾತಾಡಿಯೂ ಆಗಿತ್ತು.

ಅತ್ತೆ ಸೊಂಟಕ್ಕೆ ಕೈಯಿಟ್ಟಳು. "ತವರಾಗ ಸೂಜಿ ಹಾಕಿಸಿ ಜ್ವರ ಬರಿಸಿದ್ದು ಸಾಕಾಗಿಲ್ಲೇನ್ರಿ? ಹತ್ತಿ ಒಡದು ನಿಂತದ. ಕೂಸು ಮಲಗಿದ್ರ ಸೊಸಿ ಮನ್ಯಾಗ. ಸೊಸಿ ಮನ್ಯಾಗ ಕುಂತ್ರ ಹತ್ತಿ ಹೊಲದಾಗ."

"ಖರೇ ಅದ ಯವ್ವಾ," ಎಂದರು ಸಿಸ್ಟರ್. "ಜ್ವರ ಬರಬಹುದು, ಸುಳ್ಳು ಹೇಳಂಗಿಲ್ಲ. ಬಂದ್ರ ಕೂಸಿನ್ನ ನಾ ಹಿಡಕೊಂಡು ಕುಂದರ್ತೀನಿ. ನೀವು ಹತ್ತಿ ಬಿಡಸ್ರಿ."

ಅತ್ತೆ ಸೊಂಟದಿಂದ ಕೈ ತೆಗೆದಳು. "ಏ ಹುಚ್ಚಿ ಇದ್ದಾಳ ಬಿಡು ಈಕಿ," ಎಂದು ನನ್ನ ಕಡೆ ತಿರುಗಿ, "ಲಗೂನ ಹಾಕಿಸಿಕೊಂಡು ಬಾ" ಎಂದಳು.

ಅಂಗನವಾಡಿಯಲ್ಲಿ ಸೂಜಿಯಾಯಿತು. ಸಿಸ್ಟರ್ ಬದುವಿನ ಬೇವಿನ ಮರದಡಿ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಕೂತರು ಅನ್ನುವುದೂ ದೊಡ್ಡ ಮಾತೇ. ಒಂದು ಮಂಡಿ ಕುಣಿಯುತ್ತಲೇ ಇತ್ತು, ಕಣ್ಣು ದಾರಿಯ ಮೇಲೆ. ಮಧ್ಯಾಹ್ನ ಹಾಲು ಕುಡಿಸಲು ಹೋದಾಗ ಕೂಸಿನ ಮೈ ಬೆಚ್ಚಗಿತ್ತು. ನನ್ನ ಮುಖ ನೋಡಿ, "ಅಂಜಬ್ಯಾಡ, ನಾಳಿಗೆ ಇಳೀತದ" ಎಂದು, ತಾವು ತಂದಿದ್ದ ಸಿರಪ್ಪನ್ನು ಹನಿಸಿದರು.

"ಇಷ್ಟು ದೂರ ಯಾಕ ಬಂದ್ರಿ?" ಎಂದು ಕೇಳಿದೆ. ಕೇಳಿದ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಇವರು ಹೋದ ಮೇಲೆ ಅತ್ತೆಯ ಮಾತು ಕೇಳಬೇಕಾದವಳು ನಾನಲ್ಲವೇ.

ಸಿಸ್ಟರ್ ಕೂಸಿನ ಹಣೆಯಿಂದ ಕೈ ತೆಗೆಯಲಿಲ್ಲ. "ನೌಕರಿ ಹೊಸದಾಗಿ ದೇವದುರ್ಗದ ಕಡೆ ಇದ್ದೆ. ಹಿಂಗ ಒಂದು ಕೂಸು, ಅವ್ವನ ಊರು ಒಂದು, ಅಪ್ಪನ ಊರು ಒಂದು. ನನ್ನ ಕೂಸಲ್ಲ ಅಂತ ನಾ ಬಿಟ್ಟೆ, ನಂದಲ್ಲ ಅಂತ ಆ ಊರಾಕಿ ಬಿಟ್ಟಳು. ಗಂಟಲುಮಾರಿ ಬಂತು. ರಾಯಚೂರಿಗೆ ಒಯ್ಯೂದ್ರಾಗ ದಾರ್ಯಾಗ ಹೋತು." ಇನ್ನೊಂದು ಕೈಯಿಂದ ಕೂಸಿನ ಮೇಲಿನ ನೊಣ ಅಟ್ಟಿದರು. "ಆ ತಾಯಿ ನನಗ ಒಂದು ಮಾತೂ ಬೈಲಿಲ್ಲವ್ವಾ. ಬೈದಿದ್ರ ಛಲೋ ಇತ್ತು."

ನಾನು ಹತ್ತಿಯ ಸಾಲಿಗೆ ಮರಳಿದೆ. ಸಂಜೆಯ ಬಸ್ಸಿಗೆ ಹೊರಟಾಗ ಅತ್ತೆಯೇ ಒಂದು ಪಾವು ಹೆಸರುಬೇಳೆ ಕಟ್ಟಿ ಅವರ ಚೀಲಕ್ಕೆ ಹಾಕಿದಳು.

ಆ ಮೇಲೆ ಸಿಸ್ಟರ್ ಒಂದು ಹೊಸ ರೂಢಿ ಹಚ್ಚಿಕೊಂಡರು. ನಮ್ಮಲ್ಲಿ ಮಗಳನ್ನು ಬಾಣಂತನ ಮುಗಿಸಿ ಕಳಿಸುವಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರಲ್ಲ, ಸರಿಯಾಗಿ ಆ ಹೊತ್ತಿಗೆ ಹಾಜರಾಗುತ್ತಿದ್ದರು. ಯಾರ ಮನೆಯಲ್ಲಿ ಯಾವಾಗ ಎಂದು ಕೊಬ್ಬರಿ ಮಾರುವ ಅಂಗಡಿಯವನೇ ಅವರಿಗೆ ಹೇಳುತ್ತಿದ್ದನಂತೆ. ಉಡಿ ತುಂಬಿದ ಕೂಡಲೇ ಆ ಗಂಡನ ಊರಿನ ನರ್ಸಿಗೆ ಫೋನು ಹಚ್ಚಿ, "ನಮ್ಮ ಕೂಸಿನ್ನ ನಿಮಗ ಒಪ್ಪಿಸಾಕತ್ತೀನ್ರಿ, ಮುಂದಿನ ಸೂಜಿ ನಿಮ್ಮದು" ಎಂದು ಹೇಳಿ, ಫೋನನ್ನು ಬಾಣಂತಿಯ ಕೈಗೆ ಕೊಟ್ಟು ಇಬ್ಬರನ್ನೂ ಮಾತಾಡಿಸುತ್ತಿದ್ದರು. ಬೀಗರು ಮೊದಮೊದಲು ಮುಸಿಮುಸಿ ನಕ್ಕರು. ಆಮೇಲೆ ಸಿಸ್ಟರ್ ಬರುವುದು ತಡವಾದರೆ ಮುದುಕಿಯರೇ ಗಾಡಿ ನಿಲ್ಲಿಸುತ್ತಿದ್ದರು. ಸುತ್ತಿನ ಬೇರೆ ನರ್ಸುಗಳೂ ಹೀಗೇ ಮಾಡತೊಡಗಿದರೆಂದು ಕೇಳಿದೆ.

ಈಗ ನಾವು ರಾಯಚೂರಿನಲ್ಲಿದ್ದೇವೆ, ನನ್ನದೇ ಹೊಲಿಗೆ ಅಂಗಡಿ, ಮಗಳು ಶಾಲೆಗೆ ಹೋಗುತ್ತಾಳೆ. ಸಿಸ್ಟರಿಗೆ ಮೂತ್ರಪಿಂಡದ ತೊಂದರೆಯಾಗಿ ಇಲ್ಲೇ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದರು. ನೋಡಲು ಹೋದರೆ ಹಾಸಿಗೆಯಲ್ಲೂ ಕಾಲು ಒಂದೇ ಸಮ ಆಡುತ್ತಿತ್ತು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಇಷ್ಟು ಓಡಾಡಿದ ಜೀವವನ್ನು ಮಲಗಿಸಿ ಕೊಂದ ದೇವರ ಮೇಲೆ ನನಗೆ ಇನ್ನೂ ಕೋಪವಿದೆ.

ಅವರ ಮನೆಯವರನ್ನು ಮಾತಾಡಿಸಿ ಬರಲು ಮಾನ್ವಿಗೆ ಹೋದೆ. ಅವರ ಮಗಳು ನಡುಮನೆಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಕೆಯ ಗಂಡನ ಮನೆ ದೇವದುರ್ಗ, ಬಾಣಂತನಕ್ಕೆ ಬಂದವಳು. ಎಲ್ಲರೂ ಸಿಸ್ಟರ ಗುಣ ಹೇಳಿ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಕೂಸನ್ನೇ ನೋಡುತ್ತ ಕೂತವಳು ತಡೆಯಲಾರದೆ ಕೇಳಿಬಿಟ್ಟೆ, "ಎರಡನೇ ಸೂಜಿ ಆಗ್ಯದೇನು?"

ಸಿಸ್ಟರ ಅಕ್ಕ ಗೋಡೆಗೊರಗಿ ಕೂತಿದ್ದವರು ನೆಟ್ಟಗಾದರು. "ಏನವ್ವಾ ಇದು? ಸೂತಕದ ಮನ್ಯಾಗ ಆಡೋ ಮಾತೇನು?"

ಸಿಸ್ಟರ ಮಗಳು ತಲೆ ಎತ್ತಿದಳು. "ಇಲ್ರಿ, ಆಗಿಲ್ಲ. ಅವ್ವನೇ ಎಲ್ಲಾ ನೋಡ್ಕೋತಿದ್ಲು. ದವಾಖಾನ್ಯಾಗ ಆಕಿ ನರಳಾಕತ್ತಿದ್ಲು, ನಾ ಕೂಸಿಂದು ಮರತೇಬಿಟ್ಟೆ." ಊರಿನ ನರ್ಸುಗಳೂ ಕೇಳಿರಲಿಲ್ಲ. ಸಿಸ್ಟರ ಮೊಮ್ಮಗು, ಅದಕ್ಕೆ ತಪ್ಪುವುದುಂಟೇ ಎಂದು ಎಲ್ಲರೂ ತಿಳಿದಿದ್ದರು.

ಅಂದು ಸೂಜಿ ಹಾಕುವ ಗುರುವಾರವೇ ಆಗಿತ್ತು. ಯಾರ ಒಪ್ಪಿಗೆಗೂ ಕಾಯದೆ ಕೂಸನ್ನು ಎತ್ತಿಕೊಂಡೆ. ಹಿಂದೆ ಗುಸುಗುಸು ಕೇಳಿಸುತ್ತಿತ್ತು, ಮಗಳು ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಳು. ಆಟೋ ಹಿಡಿದು ಸರ್ಕಾರಿ ದವಾಖಾನೆಗೆ ಹೋದೆವು. ಸೂಜಿ ಚುಚ್ಚಿದಾಗ ಕೂಸು ಓಣಿಗೆಲ್ಲ ಕೇಳುವಂತೆ ಚೀರಿತು. ಆಗ ನನಗೂ ಅಳು ಬಂತು, ನರ್ಸಿನ ಮುಂದೆಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮರಳಿ ಬಂದಾಗ ಸಿಸ್ಟರ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಬೈಗುಳಕ್ಕೆ ಸಿದ್ಧಳಾಗಿಯೇ ಇಳಿದೆ. ಅವರು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು, ತೊಡೆಗೆ ಅಂಟಿಸಿದ್ದ ಹತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಮುಂದಿಂದು ಯಾವಾಗಂತ?" ಎಂದು ಕೇಳಿದರು.